ನಿಂತ ವಿಮಾನ, ಮಿಡಿಸೌತೆ ಬಾಕಿ, ಮತ್ತೆ “ಕಂಪನಿ ಎದ್ದೇಳುತ್ತೆ” ಅನ್ನೋ ಮಾತು

ಮೊದಲು ಹೊಲದ ಸುದ್ದಿ. ರಾಗಿ ತೆನೆ ಕಟ್ತಾ ಇದೆ. ಮೇಲಿನ ತಾಕು ಚೆನ್ನಾಗಿದೆ, ಕೆಳಗಿನ ತಾಕಲ್ಲಿ ಅಲ್ಲಲ್ಲಿ ಬೆಂಕಿರೋಗ ಕಾಣ್ತಿದೆ. ಅಕ್ಕಡಿ ಸಾಲಿನ ಅವರೆ ಹೂವಿಗೆ ಬಂದಿದೆ. ಇವತ್ತು ಇದರ ಬಗ್ಗೆಯೇ ಬರೆಯೋಣ ಅಂತ ಇದ್ದೆ. ಆದರೆ ಬೆಳಿಗ್ಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನೋವಾಗ ನಡೆದ ಮಾತು ತಲೆ ಕೊರೀತಾನೇ ಇದೆ. ಅದನ್ನ ಬರೆದು ಮುಗಿಸದೆ ಬೇರೆ ಕೆಲಸಕ್ಕೆ ಮನಸ್ಸು ಹೋಗ್ತಿಲ್ಲ.

ವಿಷಯ ನಿಮಗೂ ಗೊತ್ತು. ನಾವು ಹತ್ತಿಪ್ಪತ್ತು ಜನ ಮಿಡಿಸೌತೆ ಬೆಳೆದು ಒಂದು ಕಂಪನಿಗೆ ಹಾಕಿದ್ವಿ. ಹೆಸರು ಬರೆಯಲ್ಲ. ಆ ಕಂಪನಿ ಈಗ ದಿವಾಳಿ ಅಂತ ಎನ್‌ಸಿಎಲ್‌ಟಿ ಮೆಟ್ಟಿಲು ಹತ್ತಿ ಕೂತಿದೆ. ನನ್ನ ಬಾಕಿ 73,400 ರೂಪಾಯಿ. ಲಕ್ಷದ ಮೇಲೆ ಇರೋರೂ ಇದ್ದಾರೆ. ಇಷ್ಟಾದರೂ ಹೋದ ವಾರ ಅದೇ ಕಂಪನಿಯ ಫೀಲ್ಡ್‌ಮನ್ ಬೈಕಲ್ಲಿ ಬೀಜದ ಪೊಟ್ಟಣ ಹಾಕ್ಕೊಂಡು ಬಂದಿದ್ದಾನೆ. “ಇನ್ನೊಂದು ಬೆಳೆ ಹಾಕಿ ಕೊಡಿ ಅಣ್ಣ, ಕಂಪನಿ ಎದ್ದು ನಿಲ್ಲುತ್ತೆ, ಆಗ ಹಳೇದು ಹೊಸದು ಎಲ್ಲ ಸೇರಿಸಿ ಕೊಡ್ತಾರೆ” ಅಂತಾನೆ. ಆ ಹುಡುಗನ ತಪ್ಪಿಲ್ಲ ಬಿಡಿ, ಅವನಿಗೂ ಮೂರು ತಿಂಗಳ ಸಂಬಳ ಬಂದಿಲ್ಲ.

ಇಡ್ಲಿ ತಿನ್ನುತ್ತಾ ನಮ್ಮವರೇ ಒಬ್ಬರು ಅಂದ್ರು: “ಅಷ್ಟು ದೊಡ್ಡ ವಿಮಾನ ಕಂಪನಿಗಳೇ ದಿವಾಳಿಯಾಗಿ ಮತ್ತೆ ಹಾರ್ತವಂತೆ, ಇದೇನು ಮಹಾ. ಜೆಟ್ ಮತ್ತೆ ಶುರುವಾಗುತ್ತೆ ಅಂತ ಪೇಪರಲ್ಲಿ ಓದಿಲ್ವಾ?” ನಾಲ್ಕು ಜನ ತಲೆ ಆಡಿಸಿದ್ರು. ಇಬ್ಬರು ಬೀಜ ತಗೊಳ್ಳೋಕೆ ರೆಡಿ ಆಗೇಬಿಟ್ರು.

ಅದಕ್ಕೇ ಈ ಬರಹ. ನನ್ನ ಮಾತು ನೇರ. ನೆಲಕ್ಕಿಳಿದು ನಿಂತ ವಿಮಾನ ಕಂಪನಿ ನಮ್ಮ ದೇಶದ ದಿವಾಳಿ ಕೋರ್ಟಿಂದ ಎದ್ದು ಬಂದು ಮತ್ತೆ ಹಾರಿದ್ದನ್ನ ನಾನು ನೋಡಿಲ್ಲ, ನೀವೂ ನೋಡಿಲ್ಲ. “ಮತ್ತೆ ಹಾರುತ್ತೆ” ಅಂತ ಕಾಯಿಸಿದ ಪ್ರತಿ ದಿನದ ಖರ್ಚು ಹೊತ್ತವರು ಸಂಬಳ ಸಿಗದ ಕೆಲಸಗಾರರು ಮತ್ತೆ ಬಾಕಿ ಸಿಗದ ಸಣ್ಣ ಸರಬರಾಜುದಾರರು. ಅಂದ್ರೆ ನಮ್ಮಂಥವರು.

ಯಾಕೆ ಏಳಲ್ಲ ಅನ್ನೋದನ್ನ ಹೊಲದ ಲೆಕ್ಕದಲ್ಲೇ ಹೇಳ್ತೀನಿ. 2023ರಲ್ಲಿ ಬರ ಬಂತು. ರಾಜ್ಯದಲ್ಲಿ 223 ತಾಲ್ಲೂಕು ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ನಮ್ಮ ರಾಗಿ ಹೋಯ್ತು, ಹುರುಳಿ ಹೋಯ್ತು. ಆದರೆ ಹೊಲ ಹೋಗಲಿಲ್ಲ. ಮುಂದಿನ ವರ್ಷ ಮಳೆ ಬಿತ್ತು, ಅದೇ ಹೊಲ ಉತ್ತು ಬಿತ್ತಿದ್ವಿ. ಒಂದು ಬೆಳೆ ಹೋದರೂ ಬುಡ ಉಳಿಯೋದೇ ಬೇಸಾಯ.

ವಿಮಾನ ಕಂಪನಿಗೆ ಬುಡವೇ ಇಲ್ಲ. ವಿಮಾನ ಸ್ವಂತದ್ದಲ್ಲ, ಹೆಚ್ಚಿನವು ಬಾಡಿಗೆಗೆ ತಂದದ್ದು, ಬಾಡಿಗೆ ಡಾಲರ್‌ನಲ್ಲಿ. ನಿಲ್ದಾಣದಲ್ಲಿ ಇಳಿಯೋ ಏರೋ ಸಮಯ ಸ್ವಂತದ್ದಲ್ಲ, ಅದು ಹಂಚಿಕೆ. ನೀವು ಬಳಸದಿದ್ರೆ ಇನ್ನೊಬ್ಬರಿಗೆ ಹೋಗುತ್ತೆ. ಪೈಲಟ್ ಸಂಬಳ ಸಿಗೋ ಕಡೆ ಹೋಗ್ತಾನೆ, ಎಂಜಿನಿಯರ್ ಅವನ ಹಿಂದೆ ಹೋಗ್ತಾನೆ. ಖರ್ಚಿನಲ್ಲಿ ಮೂರನೇ ಒಂದು ಭಾಗಕ್ಕೂ ಮೇಲೆ ಇಂಧನಕ್ಕೆ ಹೋಗುತ್ತೆ. ಕಂಪನಿ ಕುಂಟುತ್ತಿದೆ ಅಂತ ವಾಸನೆ ಹೊಡೆದ ತಕ್ಷಣ ತೈಲ ಕಂಪನಿ “ನಗದು ಇಟ್ಟು ತುಂಬಿಸ್ಕೊ” ಅನ್ನುತ್ತೆ. ಇನ್ನು ಆದಾಯ ಅಂದ್ರೆ ಏನು? ಮುಂದಿನ ತಿಂಗಳು ಹೋಗೋರು ಇವತ್ತೇ ಕಟ್ಟಿದ ಟಿಕೆಟ್ ದುಡ್ಡು. ಆ ಕಂಪನಿ ಹಾರುತ್ತೋ ಇಲ್ವೋ ಅಂತ ಜನಕ್ಕೆ ಅನುಮಾನ ಬಂದ ದಿನ ಆ ದುಡ್ಡು ನಿಂತುಹೋಗುತ್ತೆ. ಆಮೇಲೆ ಉಳಿಯೋದು ಹೆಸರು, ಬೋರ್ಡು, ಸಾಲ.

ಹೊಲ ಒಂದು ವರ್ಷ ಬೀಳು ಬಿಟ್ರೂ ಹೊಲವೇ. ವಿಮಾನ ಕಂಪನಿ ಒಂದು ವಾರ ಬೀಳು ಬಿಟ್ರೆ ಕಂಪನಿ ಅಲ್ಲ. ಇಷ್ಟು ತಿಳಿದರೆ ಮುಂದಿನದೆಲ್ಲ ತಾನಾಗೇ ಅರ್ಥ ಆಗುತ್ತೆ.

ಈಗ ನಮ್ಮ ಬೆಂಗಳೂರಿನ ಕಥೆಗೇ ಬರೋಣ. ಕಡಿಮೆ ದರದ ವಿಮಾನ ಅಂತ ದೇಶಕ್ಕೆ ತೋರಿಸಿದ್ದು ಏರ್ ಡೆಕ್ಕನ್. ಕಟ್ಟಿದವರು ಕ್ಯಾಪ್ಟನ್ ಗೋಪಿನಾಥ್, ಪಕ್ಕದ ಹಾಸನ ಜಿಲ್ಲೆಯ ಗೊರೂರಿನವರು. ಹೇಮಾವತಿ ಅಣೆಕಟ್ಟಿಗೆ ಮನೆತನದ ಜಮೀನು ಮುಳುಗಿ, ಬದಲಿಗೆ ಸಿಕ್ಕ ಬರಡು ನೆಲದಲ್ಲಿ ಜಾವಗಲ್ ಹತ್ತಿರ ರೇಷ್ಮೆ, ತೆಂಗು ಮಾಡಿದ ರೈತ. ಆ ಅಣೆಕಟ್ಟಿನ ನೀರೇ ಕಾಲುವೆಯಲ್ಲಿ ನಮ್ಮ ಬುಗುಡನಹಳ್ಳಿ ಕೆರೆಗೆ ಬರೋದು. 2003ರ ಆಗಸ್ಟಲ್ಲಿ ಬೆಂಗಳೂರು–ಹುಬ್ಬಳ್ಳಿ ನಡುವೆ ಮೊದಲ ವಿಮಾನ ಹಾರಿಸಿದ್ರು. ಒಂದು ರೂಪಾಯಿ ಟಿಕೆಟ್ ಕೊಟ್ರು. ಜನ ಹತ್ತಿದ್ರು, ನಷ್ಟವೂ ಏರಿತು. 2007ರಲ್ಲಿ ವಿಜಯ್ ಮಲ್ಯ ಅವರ ಕಡೆಯವರು ಪಾಲು ಕೊಂಡ್ರು, 2008ರಲ್ಲಿ ಅದು ಕಿಂಗ್‌ಫಿಷರ್ ಒಳಗೆ ಕರಗಿತು. ಕೊಂಡವರಿಗೆ ಅದರಿಂದ ಏನು ಬೇಕಿತ್ತು? ಹೊರದೇಶಕ್ಕೆ ಹಾರಬೇಕಾದ್ರೆ ದೇಶದೊಳಗೆ ಐದು ವರ್ಷ ಹಾರಿರಬೇಕು ಅಂತ ಆಗ ನಿಯಮ ಇತ್ತು. ಡೆಕ್ಕನ್‌ಗೆ ಐದು ವರ್ಷ ಮೊದಲು ತುಂಬ್ತಿತ್ತು.

ಕಿಂಗ್‌ಫಿಷರ್ 2005ರಲ್ಲಿ ಶುರುವಾಗಿ ನಿಲ್ಲೋವರೆಗೂ ಒಂದು ವರ್ಷವೂ ಲಾಭ ತೋರಿಸಲಿಲ್ಲ. ಆದರೂ ಬ್ಯಾಂಕುಗಳು 2010ರ ಕೊನೆಗೆ ಕೂತು ಸಾಲ ಪುನರ್‌ರಚನೆ ಅಂತ ಮಾಡಿದವು. ಬಡ್ಡಿ ಇಳಿಸಿದ್ರು, ಕಾಲಾವಕಾಶ ಕೊಟ್ರು, 1,300 ಕೋಟಿಗೂ ಹೆಚ್ಚು ಸಾಲವನ್ನ ಷೇರಾಗಿ ಬದಲಾಯಿಸಿಕೊಂಡ್ರು. ಅದೂ ಆವತ್ತಿನ ಮಾರುಕಟ್ಟೆ ಬೆಲೆಗಿಂತ ಶೇ. 60ರಷ್ಟು ಜಾಸ್ತಿ ಬೆಲೆ ಕಟ್ಟಿ! ಮಂಡಿಯಲ್ಲಿ 40 ರೂಪಾಯಿಗೆ ಸಿಗೋ ಮಾಲಿಗೆ 64 ಕೊಟ್ಟ ಹಾಗೆ. ಅಡಮಾನ ಏನು? “ಕಿಂಗ್‌ಫಿಷರ್” ಅನ್ನೋ ಹೆಸರು. ಆ ಹೆಸರಿಗೆ 4,000 ಕೋಟಿಗೂ ಮೇಲೆ ಬೆಲೆ ಕಟ್ಟಿದ್ರು.

ನಮಗೆ ಹೇಗೆ ಮಾಡ್ತಾರೆ ನೆನಪಿಸ್ಕೊಳ್ಳಿ. ನನ್ನ ಬೆಳೆಸಾಲ ಒಂದೂವರೆ ಲಕ್ಷ. ಪ್ರತಿ ವರ್ಷ ನವೀಕರಣಕ್ಕೆ ಅಂತ ಪೂರ್ತಿ ಅಸಲು ತಂದು ಕಟ್ಟಬೇಕು, ಮೂರ್ನಾಲ್ಕು ದಿನ ಬಿಟ್ಟು ಮತ್ತೆ ತೆಗೀಬೇಕು. ಆ ಮೂರ್ನಾಲ್ಕು ದಿನಕ್ಕೆ ಕೈಸಾಲ, ಅದಕ್ಕೆ ಬೇರೆ ಬಡ್ಡಿ. ಪಹಣಿ ಬೇಕು, ಋಣಭಾರ ಪತ್ರ ಬೇಕು, ಬೇರೆ ಬ್ಯಾಂಕಿನ ಬೇಬಾಕಿ ಪತ್ರ ಬೇಕು. ಬರ ಬಂದು ಬೆಳೆ ಶೇ. 33 ಅಥವಾ ಹೆಚ್ಚು ಹೋದರೆ ಸಾಲ ಮುಂದಕ್ಕೆ ಹಾಕಿ ಕೊಡೋಕೆ ಅವಕಾಶ ಇದೆ ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಹೇಳುತ್ತೆ. ಬರದ ವರ್ಷ ಅದನ್ನ ಕೇಳೋಕೆ ಹೋದ್ರೆ ಕೌಂಟರಿನವರು ನನ್ನನ್ನ ನೋಡಿದ ನೋಟ ಇನ್ನೂ ಮರೆತಿಲ್ಲ. ಬುಡ ಇರೋ ನಮಗೆ ಅನುಮಾನ, ಬುಡ ಇಲ್ಲದವರಿಗೆ ಹೆಸರಿನ ಮೇಲೆ ಸಾವಿರಾರು ಕೋಟಿ.

ಪುನರ್‌ರಚನೆ ಆಗಿ ಎರಡು ವರ್ಷ ತುಂಬೋಕೆ ಮುಂಚೆಯೇ, 2012ರ ಅಕ್ಟೋಬರಲ್ಲಿ ಕಿಂಗ್‌ಫಿಷರ್ ನಿಂತಿತು. ಕೆಲಸಗಾರರಿಗೆ ಆರೇಳು ತಿಂಗಳಿಂದ ಸಂಬಳ ಇರಲಿಲ್ಲ. ಲೈಸೆನ್ಸ್ ಅಮಾನತು ಆಯ್ತು, ವರ್ಷದ ಕೊನೆಗೆ ಮುಗಿದೇ ಹೋಯ್ತು. ಅದಾದ ಮೇಲೂ “ಹೂಡಿಕೆದಾರರು ಬರ್ತಾರೆ, ಮತ್ತೆ ಹಾರಿಸ್ತೀವಿ” ಅಂತ ಹೇಳ್ತಾನೇ ಇದ್ರು. 2016ರಲ್ಲಿ ಆ ಹೆಸರನ್ನ ಹರಾಜಿಗಿಟ್ರು. 4,000 ಕೋಟಿ ಅಂದಿದ್ದ ಹೆಸರಿಗೆ 366.70 ಕೋಟಿ ಕನಿಷ್ಠ ಬೆಲೆ. ಒಬ್ಬ ಗಿರಾಕಿ ಬರಲಿಲ್ಲ. ಮುಂಬೈಯ ಕಿಂಗ್‌ಫಿಷರ್ ಹೌಸ್ ಕಟ್ಟಡವನ್ನ 150 ಕೋಟಿಗೆ ಕೂಗಿದ್ರು, ಯಾರೂ ಬರಲಿಲ್ಲ. ಇಳಿಸ್ತಾ ಇಳಿಸ್ತಾ 2021ರಲ್ಲಿ 52 ಕೋಟಿಗೆ ಹೋಯ್ತು. ಸಂಜೆ ಸಂತೆ ಮುಗಿಯೋ ಹೊತ್ತಿಗೆ ಟೊಮೇಟೊ ಕ್ರೇಟ್ ಮಾರಿದ ಹಾಗೆ.

ಇಲ್ಲಿ ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಮಲ್ಯ ಅವರ ಆಸ್ತಿಯಿಂದ ಸರ್ಕಾರಿ ಬ್ಯಾಂಕುಗಳಿಗೆ 14,131.6 ಕೋಟಿ ಮರಳಿ ಬಂದಿದೆ ಅಂತ 2024ರ ಡಿಸೆಂಬರಲ್ಲಿ ಹಣಕಾಸು ಸಚಿವೆ ಸಂಸತ್ತಲ್ಲೇ ಹೇಳಿದ್ರು. ಬಂದಿದ್ದು ನಿಜ. ಆದರೆ ಅದು ವಿಮಾನ ಕಂಪನಿ ಎದ್ದು ನಿಂತು ತೀರಿಸಿದ ಸಾಲ ಅಲ್ಲ. ಅವರ ಬಿಯರ್, ಮದ್ಯದ ಕಂಪನಿಗಳ ಷೇರು ಜಪ್ತಿ ಮಾಡಿ ಮಾರಿದ್ದರಿಂದ ಬಂದದ್ದು ಬಹುಪಾಲು. ಅಲ್ಲಿ ಬುಡ ಇತ್ತು, ಕಿತ್ತರು.

ಕೆಲವರು ಹೇಳ್ತಾರೆ, ಕಿಂಗ್‌ಫಿಷರ್ ಕಾಲಕ್ಕೆ ಸರಿಯಾದ ದಿವಾಳಿ ಕಾನೂನು ಇರಲಿಲ್ಲ, 2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂತು, ಈಗ ಬೇರೆ ಅಂತ. ಸರಿ, ಹೊಸ ಕಾನೂನಲ್ಲೇ ನೋಡೋಣ.

ಜೆಟ್ ಏರ್‌ವೇಸ್. 2019ರ ಏಪ್ರಿಲ್ 17ಕ್ಕೆ ಹಾರಾಟ ನಿಂತಿತು. ಜೂನ್ 20ಕ್ಕೆ ಎನ್‌ಸಿಎಲ್‌ಟಿಗೆ ಹೋಯ್ತು. ಗಮನಿಸಿ, ನಿಂತ ಎರಡು ತಿಂಗಳ ಮೇಲೆ! ಕಾನೂನಿನ ಪ್ರಕಾರ ಎಲ್ಲ ಸೇರಿ 330 ದಿನದಲ್ಲಿ ಮುಗಿಯಬೇಕು. ಎರಡು ವರ್ಷ ಆದ ಮೇಲೆ, 2021ರ ಜೂನಲ್ಲಿ ಜಲಾನ್–ಕಾಲ್‌ರಾಕ್ ಕೂಟದ ಯೋಜನೆಗೆ ಒಪ್ಪಿಗೆ ಸಿಕ್ತು. ಆಗಲೇ ನಮ್ಮ ಇಡ್ಲಿ ಸ್ನೇಹಿತರು ಪೇಪರಲ್ಲಿ ಓದಿದ್ದು. 2022ರ ಮೇನಲ್ಲಿ ಪರೀಕ್ಷಾ ಹಾರಾಟ ಆಯ್ತು, ಲೈಸೆನ್ಸೂ ಮರಳಿ ಸಿಕ್ತು. ಫೋಟೋ ಬಂತು, ಚಪ್ಪಾಳೆ ಬಿತ್ತು. ಆದರೆ ಟಿಕೆಟ್ ಕೊಂಡ ಒಬ್ಬೇ ಒಬ್ಬ ಪ್ರಯಾಣಿಕ ಹತ್ತಲಿಲ್ಲ. ಯಾಕೆ? ದುಡ್ಡು. ಮೊದಲ ಕಂತು 350 ಕೋಟಿ ಹಾಕ್ತೀವಿ ಅಂದವರು 200 ಕೋಟಿ ಹಾಕಿದ್ರು. ಉಳಿದ 150 ಕೋಟಿಯನ್ನ ಬ್ಯಾಂಕ್ ಗ್ಯಾರಂಟಿಯಲ್ಲೇ ಮುರಿದುಕೊಳ್ಳಿ ಅಂದ್ರು. ಆ ಜಗಳ ಕೋರ್ಟಿಂದ ಕೋರ್ಟಿಗೆ ಹತ್ತಿ, ಕೊನೆಗೆ 2024ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಸಂವಿಧಾನದ 142ನೇ ವಿಧಿ ಬಳಸಿ “ಮುಚ್ಚಿ, ಮಾರಿ, ಹಂಚಿ” ಅನ್ನೋ ಅರ್ಥದ ಆದೇಶ ಕೊಡಬೇಕಾಯ್ತು. 330 ದಿನದ ಕೆಲಸಕ್ಕೆ ಐದು ವರ್ಷ ನಾಲ್ಕು ತಿಂಗಳು. ಪೇಪರಲ್ಲಿ ಓದಿದ್ದು ನಿಜ ಕಣ್ರಪ್ಪ. ಮುಂದಿನ ಪುಟ ಓದಲಿಲ್ಲ ಅಷ್ಟೇ.

ಗೋ ಫಸ್ಟ್. 2023ರ ಮೇ 2ಕ್ಕೆ ತಾವಾಗೇ ದಿವಾಳಿ ಅರ್ಜಿ ಹಾಕಿದ್ರು. ಎಂಜಿನ್ ಕೊಡೋ ಕಂಪನಿ ಸಮಯಕ್ಕೆ ಎಂಜಿನ್ ಕೊಡಲಿಲ್ಲ, ಅರ್ಧದಷ್ಟು ವಿಮಾನ ನಿಂತವು ಅಂತ ಅವರ ದೂರು. ಎಂಜಿನ್ ಕಂಪನಿ ಅದನ್ನ ಒಪ್ಪಲಿಲ್ಲ. ತಪ್ಪು ಯಾರದ್ದೇ ಇರಲಿ, ಮೇ 3ಕ್ಕೆ ಹಾರಾಟ ನಿಂತಿತು. ಮೇ 10ಕ್ಕೆ ಟ್ರಿಬ್ಯುನಲ್ ಅರ್ಜಿ ಒಪ್ಪಿ ರಕ್ಷಣೆ ಕೊಟ್ಟಿತು: ಯಾರೂ ಏನನ್ನೂ ಎತ್ತಿಕೊಂಡು ಹೋಗಂಗಿಲ್ಲ. ಬಾಡಿಗೆಗೆ ಕೊಟ್ಟವರು “ನಮ್ಮ ವಿಮಾನ ನಮಗೆ ಕೊಡಿ” ಅಂತ ಕೋರ್ಟಿಗೆ ಬಂದ್ರು. ಅಕ್ಟೋಬರಲ್ಲಿ ಕೇಂದ್ರ ಸರ್ಕಾರವೇ ಆ ರಕ್ಷಣೆ ವಿಮಾನ, ಎಂಜಿನ್‌ಗೆ ಅನ್ವಯಿಸಲ್ಲ ಅಂತ ಅಧಿಸೂಚನೆ ಹೊರಡಿಸಿತು. 2024ರ ಏಪ್ರಿಲ್ 26ಕ್ಕೆ ದೆಹಲಿ ಹೈಕೋರ್ಟ್ 54 ವಿಮಾನ ಬಿಟ್ಟುಕೊಡಿ ಅಂತು. ವಿಮಾನವೇ ಇಲ್ಲದ ವಿಮಾನ ಕಂಪನಿ ಅದಾದ ಮೇಲೂ ಒಂಬತ್ತು ತಿಂಗಳು “ಪುನಶ್ಚೇತನ” ಅನ್ನೋ ಹೆಸರಲ್ಲೇ ಕೂತಿತ್ತು. 2025ರ ಜನವರಿ 20ಕ್ಕೆ ಮುಚ್ಚೋ ಆದೇಶ ಆಯ್ತು.

ಹಾಗಂತ ದಿವಾಳಿಯಾದ ವಿಮಾನ ಕಂಪನಿ ಎಲ್ಲೂ ಏಳಲ್ಲ ಅಂತ ನಾನು ಹೇಳ್ತಿಲ್ಲ. ಸುಳ್ಳು ಹೇಳಿ ವಾದ ಗೆಲ್ಲೋದು ಬೇಡ. ಅಮೆರಿಕದಲ್ಲಿ ಡೆಲ್ಟಾ 2005ರಲ್ಲಿ ದಿವಾಳಿ ಕೋರ್ಟಿಗೆ ಹೋಗಿ 2007ರಲ್ಲಿ ಹೊರಬಂತು, ಇವತ್ತೂ ಹಾರ್ತಿದೆ. ಯುನೈಟೆಡ್, ಅಮೆರಿಕನ್ ಕೂಡ ಹಾಗೇ. ಜಪಾನ್ ಏರ್‌ಲೈನ್ಸ್ 2010ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿ, 2012ರ ಸೆಪ್ಟೆಂಬರಲ್ಲಿ ಮತ್ತೆ ಷೇರುಪೇಟೆಗೆ ಬಂತು. ಆದರೆ ಅವು ಹೇಗೆ ಎದ್ದವು ನೋಡಿ. ಒಂದು ದಿನವೂ ಹಾರಾಟ ನಿಲ್ಲಿಸಲಿಲ್ಲ. ಹಾರುತ್ತಲೇ ಕೋರ್ಟಿಗೆ ಹೋದವು. ಖರ್ಚಿಗೆ ನಗದು ಎಲ್ಲಿಂದ ಬರುತ್ತೆ ಅಂತ ಮೊದಲ ದಿನವೇ ಗೊತ್ತಿತ್ತು. ಜಪಾನಲ್ಲಿ ಸರ್ಕಾರದ ಬೆಂಬಲದ ನಿಧಿಯೇ ದುಡ್ಡು ಹಾಕಿತು, ಸಾಲ ಕೊಟ್ಟವರು ದೊಡ್ಡ ಪಾಲು ಬಿಟ್ಟರು, ಸುಮಾರು ಮೂರನೇ ಒಂದು ಭಾಗ ನೌಕರರ ಕೆಲಸ ಹೋಯ್ತು. ಅಲ್ಲೂ ಬೆಲೆ ತೆತ್ತವರು ಕೆಲಸಗಾರರೇ, ಆದರೆ ಕಂಪನಿಯಾದರೂ ಉಳೀತು.

ಅಂದ್ರೆ ಪರೀಕ್ಷೆ ಮೂರೇ ಮೂರು. ಇವತ್ತು ಹಾರ್ತಿದೆಯಾ? ಹೊಸ ನಗದು ಬ್ಯಾಂಕ್ ಖಾತೆಗೆ ಬಿದ್ದಿದೆಯಾ, ಇಲ್ಲ ಬರೀ ಮಾತಾ? ವಿಮಾನದ ಮಾಲೀಕರು ಇರಲಿ ಅಂತ ಒಪ್ಪಿದ್ದಾರಾ? ಡೆಲ್ಟಾ ಮೂರರಲ್ಲೂ ಪಾಸು. ಜೆಟ್ ಮೂರರಲ್ಲೂ ಫೇಲು. ಮೂರರಲ್ಲೂ ಫೇಲಾದದ್ದನ್ನ ಐದು ವರ್ಷ ಆಸ್ಪತ್ರೆಯಲ್ಲಿಟ್ಟು ದಿನಾ ಬಿಲ್ ಮಾಡಿದ್ರು.

ಈಗ ಎದುರು ವಾದ. “ರಕ್ಷಣೆ ಕೊಡದೆ ಇದ್ರೆ ಎಲ್ಲರೂ ಬಂದು ಕಿತ್ಕೊಂಡು ಹೋಗ್ತಾರೆ, ಕಂಪನಿಗೆ ಉಸಿರಾಡೋಕೂ ಟೈಮ್ ಬೇಡ್ವಾ? ಕೆಲಸಗಾರರ ಗತಿ ಏನು?” ಇದು ಒಳ್ಳೆಯ ಪ್ರಶ್ನೆ. ಉಸಿರಾಡೋಕೆ ಟೈಮ್ ಬೇಕು, ಒಪ್ತೀನಿ. ಆದರೆ ಉಸಿರಾಡ್ತಿರೋರಿಗೆ. ಕೆಲಸಗಾರರ ಹೆಸರು ಹೇಳಿ ಎಳೆದ ವರ್ಷಗಳಲ್ಲಿ ಕೆಲಸಗಾರರಿಗೆ ಸಿಕ್ಕಿದ್ದೇನು? ಪೈಲಟ್ ಬೇರೆ ಕಡೆ ಸೇರಿಕೊಂಡ, ಸರಿ. ಲಗೇಜ್ ಎತ್ತೋನು, ಕೌಂಟರಲ್ಲಿ ನಿಂತೋಳು ಪಿಎಫ್, ಗ್ರಾಚ್ಯುಟಿಗೆ ಕೋರ್ಟು ಅಲೆದ್ರು. ಅಷ್ಟರಲ್ಲಿ ನಿಂತಲ್ಲೇ ನಿಂತ ವಿಮಾನ ಕೆಟ್ಟಿತು, ಪಾರ್ಕಿಂಗ್ ಬಾಡಿಗೆ ಏರಿತು, ಮಾರೋ ಮಾಲಿನ ಬೆಲೆ ಇಳೀತು. ಬೇಗ ಮಾರಿದ್ರೆ ಹಂಚೋಕೆ ಜಾಸ್ತಿ ಉಳೀತಿತ್ತು. ಕರುಣೆ ಅಂತ ಎಳೆದದ್ದೇ ಕ್ರೌರ್ಯ ಆಯ್ತು.

2025ರಲ್ಲಿ ಸಂಸತ್ತು ವಿಮಾನ ಬಾಡಿಗೆಗೆ ಕೊಟ್ಟವರ ಹಕ್ಕಿಗೇ ಪ್ರತ್ಯೇಕ ಕಾಯ್ದೆ ಮಾಡಿದೆ. ಇನ್ನು ಮೇಲೆ ದಿವಾಳಿಗೆ ಹೋದ ಕಂಪನಿ ಎರಡು ತಿಂಗಳಲ್ಲಿ ಬಾಕಿ ಸರಿಪಡಿಸದಿದ್ರೆ ವಿಮಾನ ಬಿಟ್ಟುಕೊಡಬೇಕು. ಹೊರದೇಶದ ವಿಮಾನ ಮಾಲೀಕರಿಗೆ ಇಷ್ಟು ಚುರುಕಾಗಿ ಗಡುವು ಕೊಡೋ ನಮ್ಮ ವ್ಯವಸ್ಥೆ, ಕೆಲಸಗಾರನಿಗೆ ಮತ್ತೆ ಸಣ್ಣ ಬಾಕಿದಾರನಿಗೆ ಯಾಕೆ ಗಡುವು ಕೊಡಲ್ಲ? ನನ್ನ ಬೇಡಿಕೆ ಇದು: ಅದೇ ಎರಡು ತಿಂಗಳಲ್ಲಿ ಹೊಸ ನಗದು ಬರದಿದ್ರೆ ಪುನಶ್ಚೇತನದ ನಾಟಕ ಅಲ್ಲಿಗೇ ಮುಗೀಲಿ. ಮಾರಲಿ, ಸಂಬಳ ಮೊದಲು ಕೊಡಲಿ.

ಈಗ ನಮ್ಮ ಮಿಡಿಸೌತೆಗೆ ಬರ್ತೀನಿ. ದಿವಾಳಿ ಸಂಹಿತೆಯಲ್ಲಿ ಮಾಲು ಹಾಕಿದ ನಾವು “ಕಾರ್ಯಾಚರಣೆ ಸಾಲಗಾರರು”, ಅಂದ್ರೆ ಕಂಪನಿ ನಮಗೆ ಬಾಕಿ ಇದೆ, ಆದರೆ ನಾವು ಬ್ಯಾಂಕ್ ಅಲ್ಲ. ಕಂಪನಿ ಮುಚ್ಚಿದರೆ 53ನೇ ಸೆಕ್ಷನ್ ಪ್ರಕಾರ ಹಂಚೋ ಸಾಲು ಹೀಗಿದೆ. ಮೊದಲು ದಿವಾಳಿ ಪ್ರಕ್ರಿಯೆಯ ಖರ್ಚು. ಆಮೇಲೆ ಕಾರ್ಮಿಕರ 24 ತಿಂಗಳ ಬಾಕಿ ಮತ್ತೆ ಅಡಮಾನ ಇಟ್ಟುಕೊಂಡ ಬ್ಯಾಂಕು, ಇಬ್ಬರೂ ಸಮ. ಆಮೇಲೆ ಬೇರೆ ನೌಕರರ 12 ತಿಂಗಳ ಸಂಬಳ. ಆಮೇಲೆ ಅಡಮಾನ ಇಲ್ಲದೆ ಸಾಲ ಕೊಟ್ಟವರು, ಆಮೇಲೆ ಸರ್ಕಾರದ ತೆರಿಗೆ. ನಾವು ಅದರ ನಂತರ. ಮದುವೆ ಊಟದಲ್ಲಿ ಕೊನೇ ಪಂಕ್ತಿ. ಪಾತ್ರೆ ತಳ ಕೆರೆಯೋ ಸದ್ದು ಕೇಳುತ್ತೆ, ಅನ್ನ ಬರಲ್ಲ.

ಆದರೆ ಒಂದು ಸೂಕ್ಷ್ಮ ಇದೆ, ಇದನ್ನ ಗಟ್ಟಿಯಾಗಿ ಹಿಡ್ಕೊಳ್ಳಿ. ಅರ್ಜಿ ಒಪ್ಪಿದ ದಿನಕ್ಕೆ ಮುಂಚಿನ ಬಾಕಿಗೆ ಕೊನೇ ಪಂಕ್ತಿ. ಆ ದಿನದ ನಂತರ, ಟ್ರಿಬ್ಯುನಲ್ ನೇಮಿಸಿದ ಅಧಿಕಾರಿಯ ಆದೇಶದ ಮೇಲೆ ಹಾಕಿದ ಮಾಲಿಗೆ ಮೊದಲ ಪಂಕ್ತಿ, ಅದು ಪ್ರಕ್ರಿಯೆಯ ಖರ್ಚಲ್ಲಿ ಸೇರುತ್ತೆ. ಅಂದ್ರೆ ಫೀಲ್ಡ್‌ಮನ್ ಬಾಯಿಮಾತಿಗೆ ಬೆಳೆ ಹಾಕಿದ್ರೆ ಮುಳುಗಿದ್ರಿ. ಅಧಿಕಾರಿಯ ಸಹಿ ಇರೋ ಖರೀದಿ ಆದೇಶ ತಗೊಂಡು ಹಾಕಿದ್ರೆ ಹಕ್ಕಾದರೂ ಇರುತ್ತೆ. ಹಕ್ಕು ಇದ್ದ ಮಾತ್ರಕ್ಕೆ ಗಲ್ಲಾಪೆಟ್ಟಿಗೆಯಲ್ಲಿ ದುಡ್ಡು ಇರುತ್ತೆ ಅಂತಲ್ಲ. ಅದಕ್ಕೇ ನಾನಂತೂ ತೂಕದ ದಿನವೇ ಖಾತೆಗೆ ಹಣ ಅಂದ್ರೆ ಮಾತ್ರ ಬೀಜ ಮುಟ್ಟೋದು.

ಹಳೇ ಬಾಕಿಗೆ ಫಾರ್ಮ್ ಬಿ ಅಂತ ಇದೆ. ಆ ಅಧಿಕಾರಿ ಪತ್ರಿಕೆಯಲ್ಲಿ ಕೊಟ್ಟ ಪ್ರಕಟಣೆಯಲ್ಲಿ ವಿಳಾಸ, ಇ-ಮೇಲ್, ಕೊನೇ ದಿನ ಎಲ್ಲ ಇರುತ್ತೆ. ತೂಕದ ಚೀಟಿ, ಒಪ್ಪಂದದ ಪ್ರತಿ, ಹಿಂದೆ ಹಣ ಬಂದ ಪಾಸ್‌ಬುಕ್ ಪುಟ, ಆಧಾರ್ ಪ್ರತಿ ಸೇರಿಸಿ ಕಳಿಸಿ. ಸಿಗೋದು ಸೊನ್ನೆಯೇ ಆಗಬಹುದು. ಆದರೆ ಕಳಿಸದವನ ಹೆಸರು ಪಟ್ಟಿಯಲ್ಲೇ ಇರಲ್ಲ. ನನ್ನದು ಕಳಿಸಾಗಿದೆ. ಚೀಟಿ ಜೋಡಿಸಿಕೊಳ್ಳೋಕೆ ಬರದೋರು ಭಾನುವಾರ ಬೆಳಿಗ್ಗೆ ಎಲ್ಲ ಹಿಡ್ಕೊಂಡು ಮನೆ ಹತ್ರ ಬನ್ನಿ, ಕೂತು ಬರೆಯೋಣ. ತೂಕದ ಚೀಟಿ ಬಿಸಾಕಿದವರೂ ಬನ್ನಿ, ನಮ್ಮ ಲಾರಿಯಲ್ಲೇ ನಿಮ್ಮ ಮಾಲೂ ಹೋಗಿದ್ರೆ ನನ್ನ ಪುಸ್ತಕದಲ್ಲಿ ಬರೆದಿರಬಹುದು.

ಬೀಜದ ಪೊಟ್ಟಣ ತಗೊಂಡ ಇಬ್ಬರಿಗೆ ನನ್ನ ಮೇಲೆ ಕೋಪ ಬರಬಹುದು. ಬರಲಿ. ಕಂಪನಿ ಏಳಲಿ ಅಂತ ನಾನೂ ಬಯಸ್ತೀನಿ, ನನ್ನ 73,400 ಅದರಲ್ಲೇ ಸಿಕ್ಕಿಕೊಂಡಿದೆ. ಆದರೆ ಎದ್ದೇಳುತ್ತೆ ಅಂತ ಹೇಳೋರನ್ನ ಆ ಮೂರು ಪ್ರಶ್ನೆ ಕೇಳಿ: ಇವತ್ತು ಕಾರ್ಖಾನೆ ನಡೀತಿದೆಯಾ, ಹೊಸ ನಗದು ಬಿದ್ದಿದೆಯಾ, ಯಂತ್ರ ಕಟ್ಟಡ ಯಾರ ಹೆಸರಲ್ಲಿದೆ? ಉತ್ತರ ಕೊಡದಿದ್ರೆ ಬೀಜ ವಾಪಸ್ ಕೊಟ್ಟು, ಆ ತಾಕಿಗೆ ಅಲಸಂದೆ ಚೆಲ್ಲಿ. ಅದು ಯಾರ ಪುನಶ್ಚೇತನಕ್ಕೂ ಕಾಯಲ್ಲ.